ಮಾವನ ನಗುವಿಗೆ ಬಿದ್ದ ಬೀಗ

ಬೀಗದಣ್ಣನ ತಲೆ ತಿರುಗಿದ್ದು ಒಂದು ಲಾಡ್ಜಿನ ಕೆಲಸದಿಂದ. ಅಲ್ಲಿಯವರೆಗೂ ಅವನು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಅಂಗಡಿಯಲ್ಲಿ ಕೂತು, ರೆಪ್ಪೆಯ ಮೇಲೆಲ್ಲ ಹಿತ್ತಾಳೆ ಪುಡಿ ಮೆತ್ತಿಕೊಂಡು, ಕಳೆದುಕೊಂಡವರಿಗೆಲ್ಲ ಕೀ ಮಾಡಿಕೊಡುತ್ತಿದ್ದ ಸಾಧು ಪ್ರಾಣಿ. ಮನೆಯೂ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ. ಲಾಡ್ಜಿನವರು ಕರೆದು, ಕೋಣೆಗೊಂದು ಕೀ ಇರಲಿ, ಆದರೆ ಮ್ಯಾನೇಜರ್ ಕೈಯಲ್ಲಿ ಎಲ್ಲ ಕೋಣೆಗಳನ್ನೂ ತೆಗೆಯುವ ಒಂದು ಮಾಸ್ಟರ್ ಕೀ ಬೇಕು ಎಂದರು. ಮಾಡಿಕೊಟ್ಟ. ಅದು ಮೊದಲ ತಿರುವಿಗೇ ಪ್ರತಿ ಬಾಗಿಲನ್ನೂ ತೆಗೆಯಿತು. ಅವತ್ತಿನಿಂದ ಅವನ ನಡಿಗೆ ನೋಡಬೇಕಿತ್ತು. ಬೀದಿಯಲ್ಲಿ ಮೊದಲು ಎದೆ ಬರುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಬೀಗದಣ್ಣ ಬರುತ್ತಿದ್ದ.

ಇಂಥ ಎದೆ ಹೊತ್ತು ಮನೆಗೆ ಬಂದವನ ಕಣ್ಣಿಗೆ ಮನೆಯ ಟ್ಯಾಬ್ ಬಿತ್ತು.

ಆ ಮನೆಯಲ್ಲಿ ಟ್ಯಾಬ್ ಒಂದು, ಟೀವಿ ಒಂದು, ಬಳಸುವವರು ನಾಲ್ವರು: ಬೀಗದಣ್ಣ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಹೆಂಡತಿಯ ತಾಯಿ, ಅಂದರೆ ಅತ್ತೆ. ಯಾವ ಹೊತ್ತಿನಲ್ಲಿ ಯಾರ ಹೆಸರಲ್ಲಿ ಯಾರು ಲಾಗಿನ್ ಆಗಿದ್ದಾರೆ ಅನ್ನುವುದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಅತ್ತೆ ಮೊಮ್ಮಗಳ ಅಕೌಂಟಿನಲ್ಲಿ ಕೂತು ಮಂಡಿನೋವಿನ ವ್ಯಾಯಾಮ ನೋಡುತ್ತಿದ್ದರು. ಮೊಮ್ಮಗಳು ಪರೀಕ್ಷೆಗೆಂದು ರಸಾಯನಶಾಸ್ತ್ರ ಹುಡುಕಿದರೆ ಮೊದಲು ಬರುತ್ತಿದ್ದದ್ದು ಕಾಲು ಮೇಲೆತ್ತಿ ಮಲಗಿದ ಮುದುಕಿಯರು. ಟೀವಿ ಹಚ್ಚಿದೊಡನೆ ಅದು, ಈಗ ನೋಡುತ್ತಿರುವವರು ಯಾರು ಎಂದು ಕೇಳುತ್ತಿತ್ತು. ಅತ್ತೆ ಪಾಪ, ನಾನೇ ಕಣಪ್ಪ ಎಂದು ಬಾಯಲ್ಲಿ ಉತ್ತರ ಕೊಟ್ಟು, ಅದು ಒಳಗೆ ಬಿಟ್ಟುಕೊಳ್ಳಲಿ ಎಂದು ಕಾಯುತ್ತ ಕೂರುತ್ತಿದ್ದರು.

ಬೀಗದಣ್ಣ ತೀರ್ಪು ಕೊಟ್ಟುಬಿಟ್ಟ. ಮನೆ ಒಂದು, ಅಕೌಂಟೂ ಒಂದು. ತನ್ನದೇ ಅಕೌಂಟು, ತನ್ನದೇ ಪಾಸ್‌ವರ್ಡು, ಎಲ್ಲ ಯಂತ್ರಕ್ಕೂ ಅದೇ. ಲಾಡ್ಜಿಗೆ ಆದದ್ದು ಮನೆಗೆ ಯಾಕಾಗಬಾರದು?

ಮಗಳು ತಲೆಯೆತ್ತಿ ನೋಡಿದಳು. "ಅಪ್ಪ, ಅಕೌಂಟು ಅಂದ್ರೆ ಕೀ ಅಲ್ಲ, ಒಬ್ಬೊಬ್ಬರ ರೂಮ್ ಇದ್ದ ಹಾಗೆ. ನೀನು ಎಲ್ಲಾ ರೂಮಿಗೂ ಒಂದು ಕೀ ಮಾಡ್ತಿಲ್ಲ. ಗೋಡೆ ಒಡೀತಿದ್ದೀಯ."

"ಗೋಡೆ ಇಲ್ದಿದ್ರೆ ಕಳ್ಳ ಎಲ್ಲಿ ಕನ್ನ ಹಾಕ್ತಾನೆ?" ಎಂದು ಬೀಗದಣ್ಣ ಟ್ಯಾಬ್ ಎತ್ತಿಕೊಂಡ.

ಬೀಗದ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹಳೆಯ ಬೀಗ ಕಿತ್ತು, ತೂತು ಶುಚಿ ಮಾಡಿ, ಆಮೇಲೇ ಹೊಸದು ಕೂರಿಸಬೇಕು. ಬೀಗದಣ್ಣ ಟ್ಯಾಬಿಗೂ ಅದೇ ಉಪಚಾರ ಮಾಡಿದ. ಮಗಳ ಅಕೌಂಟು ಕಿತ್ತ, ಹೆಂಡತಿಯದನ್ನು ಕಿತ್ತ, ಅತ್ತೆಯದನ್ನೂ ಕಿತ್ತ. ಪ್ರತಿ ಸಲವೂ ಟ್ಯಾಬು, ತೆಗೆದರೆ ಇದರಲ್ಲಿರುವುದೆಲ್ಲ ಇಲ್ಲಿಂದ ಹೋಗುತ್ತದೆ, ಖಂಡಿತವೇ ಎಂದು ಕೇಳಿತು. ಕಸುಬು ಕಲಿಯಲು ಬಂದವನು ಗುರುವಿಗೇ ಬುದ್ಧಿ ಹೇಳಿದಂತಾಗಿ ಬೀಗದಣ್ಣ ಸಿಟ್ಟಿನಿಂದಲೇ ಖಂಡಿತ, ಖಂಡಿತ ಎಂದು ಒತ್ತಿದ.

ಅವತ್ತೇ ಮಧ್ಯಾಹ್ನ ಅವನು ಒಂದು ಬ್ಯಾಂಕಿನಲ್ಲಿ, ತೆರೆದುಕೊಳ್ಳದ ತಿಜೋರಿಯ ಮುಂದೆ ಮಲಗಿ ಕಿವಿಗೊಟ್ಟು ಕೇಳುತ್ತಿದ್ದಾಗ ಜೇಬಿನಲ್ಲಿ ಫೋನು ಕುಣಿಯಿತು. ಎತ್ತಿದರೆ ಅತ್ತೆಯ ಅಕ್ಕ, ವೀಡಿಯೋ ಕರೆ; ಅತ್ತೆ ಟ್ಯಾಬಿನಿಂದ ಮಾಡಿದ್ದ ಕರೆಗೆ ಮರುಕರೆ, ಅದು ಈಗ ಅಳಿಯನ ಹೆಸರಿಗೇ ಬರುತ್ತಿತ್ತು. ಆಕೆಗೆ ಕಣ್ಣು ಮಂಜು. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಇದೇನೇ ತಂಗಿ, ಗಡ್ಡ ಬಿಟ್ಟಿದ್ದೀಯ ಎಂದು ಗೋಳೋ ಎಂದು ಅತ್ತರು. ಅದೇ ಹೊತ್ತಿಗೆ ಮಗಳು ಕಾಲೇಜಿನಲ್ಲಿ ಟ್ಯಾಬ್ ಜೋಡಿಸಿ ಇಡೀ ತರಗತಿಗೆ ದೊಡ್ಡ ಪರದೆಯ ಮೇಲೆ ಪಾಠ ಒಪ್ಪಿಸುತ್ತಿದ್ದಳು. ನಡುವೆ ಅಪ್ಪನ ಗಿರಾಕಿಯೊಬ್ಬರ ಸಂದೇಶ ಗೋಡೆಯಗಲ ಮೂಡಿತು: ಯಾರೂ ಇಲ್ಲ, ಬಾಗಿಲು ಒಡೆದಾದರೂ ಸರಿ, ಬೇಗ ಒಳಗೆ ಬಂದುಬಿಡಿ. ಪಾಠ ಕೇಳುತ್ತಿದ್ದ ಪ್ರೊಫೆಸರು ಕುರ್ಚಿ ಹುಡುಕಿಕೊಂಡು ಕೂತರಂತೆ.

ಇಷ್ಟೇ ಆಗಿದ್ದರೆ ನಕ್ಕು ಮುಗಿಸಬಹುದಿತ್ತು. ಆದರೆ ಹೆಂಡತಿಯ ಅಕೌಂಟಿನಲ್ಲಿ ಮಾವ ಇದ್ದರು.

ಈ ಮಾವನವರು ನಗದ ಮನುಷ್ಯ. ಗೋದಾಮೊಂದರಲ್ಲಿ ಮೇಲ್ವಿಚಾರಕರಾಗಿದ್ದರು, ಮುಖಕ್ಕೂ ಅಲ್ಲಿಯದೇ ಶಟರು. ಅವರ ಮದುವೆಯ ಫೋಟೋ ನೋಡಿದವರು, ತೀರಿಕೊಂಡವರು ಯಾರು ಎಂದು ಕೇಳುತ್ತಿದ್ದರು. ಅಂಥವರು ಕೊನೆಗಾಲದಲ್ಲಿ, ಮಗಳ ಮನೆಗೆ ಬಂದಿದ್ದಾಗ, ಒಂದೇ ಒಂದು ದಿನ ನಕ್ಕರು. ನಕ್ಕರೆಂದರೆ ಹೇಗೆ, ಹಲ್ಲಿನ ಸೆಟ್ಟು ಬಾಯಿಂದ ಜಾರಿ ನೆಲಕ್ಕೆ ಬೀಳುವಷ್ಟು ನಕ್ಕರು. ಮಗಳು ಅದನ್ನು ಫೋನಿನಲ್ಲಿ ಹಿಡಿದಿಟ್ಟಳು. ಯಾಕೆ ನಕ್ಕರು ಅನ್ನುವುದು ಮನೆಯೊಳಗಿನ ಮಾತು. ಬೀಗದಣ್ಣ ಅದನ್ನು ಯಾರ ಎದುರೂ ಎತ್ತಲು ಬಿಡುತ್ತಿರಲಿಲ್ಲ, ತಾನೂ ಆ ವೀಡಿಯೋ ನೋಡಿದವನಲ್ಲ. ಮುಂದೆ ಮಾವ ತೀರಿಹೋದರು. ಹೆಂಡತಿಯ ಆ ಫೋನು ಬಕೆಟ್ಟಿನ ನೀರಿಗೆ ಬಿದ್ದು ಅದೂ ತೀರಿಹೋಯಿತು. ಆಮೇಲೆ ಅವಳು ಬಟನ್ ಫೋನೇ ಸಾಕೆಂದಳು. ಮಾವನ ನಗು ಮಾತ್ರ ಅವಳ ಅಕೌಂಟಿನಲ್ಲಿ ಉಳಿದಿತ್ತು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಟ್ಯಾಬಿನಲ್ಲಿ ಒಮ್ಮೆ ಅಪ್ಪನನ್ನು ನಗಿಸಿ, ಆಮೇಲೇ ಅವಳ ದಿನ ಶುರು.

ಮರುದಿನ ಬೆಳಿಗ್ಗೆ ಅವಳು ಟ್ಯಾಬ್ ಹಿಡಿದುಕೊಂಡು ಬಂದು, "ರೀ, ಅಪ್ಪ ಕಾಣ್ತಿಲ್ಲ" ಎಂದಳು.

ಹಲ್ಲುಜ್ಜುತ್ತಿದ್ದ ಬೀಗದಣ್ಣ, ಅವರು ಹೋಗಿ ಎಷ್ಟು ಕಾಲವಾಯಿತು, ಇವತ್ತು ಹೊಸದಾಗಿ ಎಲ್ಲಿ ಹುಡುಕುತ್ತೀಯ ಎನ್ನಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ನೊರೆಯನ್ನೆಲ್ಲ ನುಂಗಿಕೊಂಡ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು. ಸುಮ್ಮನೆ ಒಲೆಯ ಮುಂದೆ ನಿಂತಳು, ಹಚ್ಚಲಿಲ್ಲ. ಅತ್ತೆಯೇ ಅವಳ ಪರವಾಗಿ ಎರಡು ಮಾತಾಡಿದರು. "ಅಳಿಯಂದಿರೇ, ನನ್ನ ಗಂಡನನ್ನ ಯಮ ಒಂದು ಸಲ ಕರ್ಕೊಂಡು ಹೋದ. ಎರಡನೇ ಸಲಕ್ಕೆ ಅವನು ಬೇಕಾಗಲಿಲ್ಲ, ಮನೇಲೇ ಇದ್ರಿ ನೀವು."

ಮಗಳು ಅಮ್ಮನ ಅಕೌಂಟಿಗೆ ಮತ್ತೆ ಲಾಗಿನ್ ಆಗಲು ಕೂತಳು. ಅದರ ಪಾಸ್‌ವರ್ಡು ಇಟ್ಟವಳೇ ಅವಳು, ಹೈಸ್ಕೂಲಿನಲ್ಲಿದ್ದಾಗ. ಆಗ ಅವಳಿಗೆ ಯಾವ ಗೆಳತಿ ಪ್ರಾಣ, ಯಾವ ಬೆಕ್ಕು ಪ್ರಾಣ ಎಂದು ನೆನೆನೆನೆದು ಒತ್ತಿದಳು. ಒಂದೂ ಹತ್ತಲಿಲ್ಲ. ಕೊನೆಗೆ ಟ್ಯಾಬಿಗೇ ಬೇಸರ ಬಂದು, ಹಳೆಯ ಫೋನ್ ನಂಬರಿಗೆ ಒಂದು ಕೋಡ್ ಕಳಿಸುತ್ತೇನೆ, ಅದನ್ನು ಹೇಳಿ ಒಳಗೆ ಬನ್ನಿ ಎಂದಿತು. ಆ ನಂಬರು ಎಲ್ಲಿದೆ? ಹೆಂಡತಿಯ ಫೋನು ನೀರಿಗೆ ಬಿದ್ದಾಗ, ಒಂದು ಮನೆಗೆ ಇಷ್ಟೊಂದು ನಂಬರು ಯಾಕೆ ಎಂದು ಅದನ್ನು ನಿಲ್ಲಿಸಿ, ಅಂಗಡಿಯಲ್ಲಿದ್ದ ಬೇರೆ ಸಿಮ್ಮು ಕೊಟ್ಟಿದ್ದ ಮಹಾನುಭಾವನೂ ಬೀಗದಣ್ಣನೇ.

ಅವನು ಫೋನ್ ಕಂಪನಿಯ ಕಚೇರಿಗೆ ಓಡಿದ. ಕೌಂಟರಿನ ಹುಡುಗಿ ನಿಧಾನವಾಗಿ ತಿಳಿಸಿ ಹೇಳಿದಳು, ಬಳಸದ ನಂಬರು ಕೆಲವು ಕಾಲದ ಮೇಲೆ ಬೇರೆಯವರಿಗೆ ಹೋಗುತ್ತದೆ, ಯಾರಿಗೆ ಎಂದು ಹೇಳುವ ಹಾಗಿಲ್ಲ. ಬೀಗದಣ್ಣ ಗಾಜಿನ ತೂತಿಗೆ ಬಾಯಿಟ್ಟು, ಹೆಸರು ಬೇಡ ತಾಯಿ, ಅವರ ಫೋನಿಗೆ ಬರುವ ಒಂದು ಕೋಡು ನನಗೆ ಗೊತ್ತಾದರೆ ಸಾಕು ಎಂದ. ಹಿಂದಿನ ಸಾಲಿನ ಒಬ್ಬಾಕೆ ತನ್ನ ಫೋನನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಬಾಗಿಲ ಕಾವಲಿನವನು ಹತ್ತಿರ ಬಂದು, ಅಣ್ಣ, ದಾರಿ ಆ ಕಡೆ ಇದೆ ಎಂದು ತುಂಬ ಮರ್ಯಾದೆಯಿಂದ ತೋಳು ಹಿಡಿದ.

ಹಳೆಯ ನಂಬರು ತನಗೇ ಬಾಯಿಪಾಠ ಇದೆಯಲ್ಲ, ನೇರವಾಗಿ ಕರೆದರೆ ಆಯಿತು ಎಂದು ಅವನಿಗೆ ಹೊಳೆದದ್ದು ಅಂಗಡಿಗೆ ಮರಳಿದ ಮೇಲೆ. ಆ ಅಂಗಡಿಯ ಗೋಡೆಯ ಮೇಲೆ ಅವನೇ ಕೆಂಪು ಬಣ್ಣದಲ್ಲಿ ಬರೆಸಿದ ಬೋರ್ಡು ಇತ್ತು: ಫೋನಿನಲ್ಲಿ ಕೋಡ್ ಕೇಳುವವನು ಕಳ್ಳ, ಅಪ್ಪನೇ ಕೇಳಿದರೂ ಕೊಡಬೇಡಿ. ಬೀದಿಯ ಮಕ್ಕಳು ಮುದುಕರೆಲ್ಲ ಅದನ್ನು ಕಂಠಪಾಠ ಮಾಡಿದ್ದರು. ಆ ಬೋರ್ಡಿಗೆ ಬೆನ್ನು ಮಾಡಿ ಕೂತು, ಮೇಲೆ ಮನೆಯಲ್ಲಿದ್ದ ಮಗಳಿಗೆ ಟ್ಯಾಬಿನಿಂದ ಕೋಡ್ ಕಳಿಸಲು ಹೇಳಿ, ಬೀಗದಣ್ಣ ನಂಬರು ಒತ್ತಿದ. ಒಬ್ಬ ಹೆಂಗಸಿನ ಗಟ್ಟಿ ಗಂಟಲು, ಹೇಳಿ, ಅಂದಿತು.

"ಅಮ್ಮ, ಈಗ ನಿಮ್ಮ ಫೋನಿಗೆ ಒಂದು ಕೋಡ್ ಬಂದಿದೆ. ಸ್ವಲ್ಪ ಓದಿ ಹೇಳ್ತೀರಾ?"

ಆ ಕಡೆಯಿಂದ ಮರುಪ್ರಶ್ನೆ ಬಂತು, "ಎಷ್ಟು ವರ್ಷದಿಂದ ಮಾಡ್ತಿದ್ದೀಯ ಈ ಕೆಲಸ?"

ಕಸುಬಿನ ಬಗ್ಗೆ ಯಾರಾದರೂ ಕೇಳಿದರೆ ಬೀಗದಣ್ಣನಿಗೆ ಜಗತ್ತು ಮರೆತುಹೋಗುತ್ತಿತ್ತು. "ಮೂವತ್ತು ವರ್ಷ ಆಯ್ತು. ನಮ್ಮಪ್ಪ ಕಲಿಸಿದ್ದು. ಈ ಊರಲ್ಲಿ ನಾನು ತೆಗೀದೇ ಇರೋ ಬೀಗ ಇಲ್ಲ."

"ಹೌದಾ. ಯಾರ ಮನೆ ಬೀಗ?"

"ಯಾರದಾದ್ರೂ. ಮನೇಲಿ ಜನ ಇಲ್ದೇ ಇದ್ರೂ ನಡೆಯುತ್ತೆ. ಬ್ಯಾಂಕಿನ ತಿಜೋರಿ ತೆಗೆದಿದ್ದು ಈ ವಾರಾನೇ."

"ನಾನು ಎಲ್ಲಿ ಕೆಲಸ ಮಾಡೋದು ಗೊತ್ತಾ ನಿನಗೆ?"

"ಇಲ್ಲಮ್ಮ."

"ಜೈಲಲ್ಲಿ. ನಿನ್ನಂಥೋರದೇ ಒಂದು ಸಾಲು ಕೋಣೆ ಇದೆ. ಆದ್ರೆ ಇಷ್ಟು ಸಲೀಸಾಗಿ ಒಪ್ಕೊಂಡೋನು ನೀನೇ ಮೊದಲು."

ಬೀಗದಣ್ಣ ಫೋನನ್ನು ಕೆಳಗಿಟ್ಟ. ನಿಜ ಹೇಳಬೇಕೆಂದರೆ ಇಡಲಿಲ್ಲ, ಅದೇ ಬಿತ್ತು. ಮೆಟ್ಟಿಲಿಳಿದು ಬರುತ್ತಿದ್ದ ಎದುರು ಮನೆಯ ನಿವೃತ್ತ ಮೇಷ್ಟ್ರು ಎಲ್ಲ ಕೇಳಿಸಿಕೊಂಡಿದ್ದರು. ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಬೀಗದಣ್ಣನ ಬೆನ್ನು ನೋಡಿದರು, ಮತ್ತೆ ಮೆಟ್ಟಿಲು ಹತ್ತಿ ಮನೆಗೆ ಹೋಗಿ ತಮ್ಮ ಬಾಗಿಲಿಗೆ ಚಿಲಕ ಹಾಕಿಕೊಂಡರು.

ಮೂರು ದಿನ ಮನೆಯಲ್ಲಿ ಹೆಂಡತಿ ಒಲೆ ಹಚ್ಚಿದಳು, ಊಟ ಬಡಿಸಿದಳು, ಮುಖ ಮಾತ್ರ ಅವಳಪ್ಪನ ಮುಖ. ಬೀಗದಣ್ಣ ಬಗೆಬಗೆಯಾಗಿ ಸಮಾಧಾನ ಹೇಳಿದ. ಮಾವ ನಗುವ ಹಾಗೆ ತಾನೇ ನಕ್ಕು ತೋರಿಸಲೂ ನೋಡಿದ. ಅತ್ತೆಗೆ ಅದನ್ನು ಸಹಿಸಲಾಗಲಿಲ್ಲ. ಅಳಿಯನ ಫೋನು ಕಿತ್ತುಕೊಂಡು ತಾವೇ ಆ ನಂಬರಿಗೆ ಕರೆ ಮಾಡಿದರು. ಕೋಡಿನ ಸುದ್ದಿಯನ್ನೇ ಎತ್ತಲಿಲ್ಲ. ಅಮ್ಮ, ನಿನ್ನ ಹತ್ತಿರ ಕೇಳಲು ಬಂದಿಲ್ಲ, ಹೇಳಲು ಬಂದಿದ್ದೇನೆ ಎಂದು ಶುರು ಮಾಡಿ, ತಮ್ಮ ಗಂಡನ ಶಟರು ಮುಖ, ಒಂದೇ ಸಲ ಬಂದ ನಗು, ಮಗಳ ಬೆಳಗು, ಅಳಿಯನ ಬುದ್ಧಿ, ಎಲ್ಲ ಹೇಳಿದರು. ಅಳಿಯನ ಬುದ್ಧಿಯ ಭಾಗ ಸ್ವಲ್ಪ ಉದ್ದವಾಯಿತು. ಆ ಕಡೆಯಿಂದ ನಡುನಡುವೆ ಹ್ಞೂಂ, ಹ್ಞೂಂ ಎನ್ನುವುದು ಕೇಳುತ್ತಿತ್ತು.

ಕೊನೆಗೆ ಆಕೆ ಹೇಳಿದ್ದು ಇಷ್ಟು: "ಫೋನಲ್ಲಿ ಯಾರಿಗೂ ಹೇಳಲ್ಲ ಅಜ್ಜಿ. ಭಾನುವಾರ ಡ್ಯೂಟಿ ಮುಗಿಸ್ಕೊಂಡು ಮನೆಗೇ ಬರ್ತೀನಿ. ನಿಜ ಆಗಿದ್ರೆ ಕೋಡ್ ಕೊಡ್ತೀನಿ. ಸುಳ್ಳಾಗಿದ್ರೆ ನಿಮ್ಮ ಅಳಿಯಂದಿರನ್ನ ಕರ್ಕೊಂಡು ಹೋಗ್ತೀನಿ."

ಆಗಲಮ್ಮ, ಯಾವುದಾದರೂ ಒಂದು ಉಪಕಾರ ಮಾಡು ಎಂದರು ಅತ್ತೆ.

ಭಾನುವಾರ ಮಧ್ಯಾಹ್ನ ಬೀದಿಗೆ ಜೈಲಿನ ವ್ಯಾನು ಬಂತು. ಖಾಕಿ ಸಮವಸ್ತ್ರದ, ಬಾಗಿಲಿನಷ್ಟು ಎತ್ತರದ ಹೆಂಗಸೊಬ್ಬಳು ಇಳಿದು, ಬೀಗದ ಅಂಗಡಿಯವರ ಮನೆ ಯಾವುದು ಎಂದು ಕೇಳಿದಳು. ಅಷ್ಟು ಸಾಕಾಯಿತು. ಆಕೆ ಮೆಟ್ಟಿಲು ಹತ್ತಿ ಮುಗಿಸುವುದರೊಳಗೆ ಬೀಗದಣ್ಣ ಸಿಕ್ಕಿಬಿದ್ದ ಸುದ್ದಿ ಬೀದಿಯ ಆ ತುದಿ ಮುಟ್ಟಿ, ಅಲ್ಲಿಂದ ಬ್ಯಾಂಕಿನ ದರೋಡೆಯಾಗಿ ಈ ತುದಿಗೆ ಮರಳಿ ಬಂತು. ಅವನೇ ಕೂರಿಸಿಕೊಟ್ಟ ಬೀಗಗಳನ್ನು ಜನ ಜಗ್ಗಿ ಜಗ್ಗಿ ನೋಡಿಕೊಂಡರು. ನನಗೆ ಮೊದಲೇ ಅನುಮಾನ ಇತ್ತು ಅಂದವರೂ ಇದ್ದರು.

ಆದರೆ ಆಮೇಲೆ ಒಂದು ವಿಚಿತ್ರ ನಡೆಯಿತು. ಪಕ್ಕದ ಬೀದಿಯ ಟೈಲರಮ್ಮ, ಒಳಗೆ ನೆಲ ತಣ್ಣಗಿರುತ್ತದಂತೆ ಎಂದು ಒಂದು ಕಂಬಳಿ ಹಿಡಿದು ಬಂದಳು. ಔಷಧಿ ಅಂಗಡಿಯವನು, ಇವನ ಬಿಪಿ ಮಾತ್ರೆ ಅಲ್ಲಿ ಸಿಗಲಿಕ್ಕಿಲ್ಲ ಎಂದು ಪೊಟ್ಟಣ ಕಟ್ಟಿ ತಂದ. ಇಷ್ಟು ದಿನ ಚಿಲಕ ಹಾಕಿಕೊಂಡಿದ್ದ ಮೇಷ್ಟ್ರು, ಕಳ್ಳನಾದರೂ ನಮ್ಮವನು, ನಾನು ಜಾಮೀನು ನಿಲ್ಲುತ್ತೇನೆ ಎಂದು ಬಿಳಿ ಷರ್ಟು ಹಾಕಿಕೊಂಡು ಹೊರಟರು. ಎಲ್ಲರೂ ಬಂದು ಬೀಗದಣ್ಣನ ಬಾಗಿಲಾಚೆ ಮೆಟ್ಟಿಲಿಗೊಬ್ಬರಂತೆ ನಿಂತರು. ತೆರೆದ ಬಾಗಿಲಿನಿಂದ ಬೀಗದಣ್ಣ ಕಂಬಳಿಯನ್ನೂ ಪೊಟ್ಟಣವನ್ನೂ ನೋಡಿದ. ಇವರಿಗೆಲ್ಲ ತಾನು ಮಾಡಿಕೊಟ್ಟದ್ದು ಬರೀ ಕೀ.

ಒಳಗೆ ಜೈಲಮ್ಮ ನೀರನ್ನೂ ಮುಟ್ಟದೆ ವಿಚಾರಣೆಗೆ ಕೂತಳು. ಅವಳ ಕ್ರಮವೇ ಕ್ರಮ. ಹೆಂಡತಿಯನ್ನು ಅಡುಗೆಮನೆಯಲ್ಲಿ, ಅತ್ತೆಯನ್ನು ಮಲಗುವ ಕೋಣೆಯಲ್ಲಿ, ಬೀಗದಣ್ಣನನ್ನು ಬಚ್ಚಲಲ್ಲಿ ಬೇರೆ ಬೇರೆ ನಿಲ್ಲಿಸಿ, ಆ ವೀಡಿಯೋದಲ್ಲಿ ಅಜ್ಜ ಯಾಕೆ ನಗುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದಳು. ಬೀಗದಣ್ಣ ಗೋಡೆ ನೋಡುತ್ತ, ಟೀವಿಯಲ್ಲಿ ಏನೋ ತಮಾಷೆ ಬರುತ್ತಿತ್ತು, ಅದಕ್ಕೆ ಅಂದ.

ಜೈಲಮ್ಮ ನಡುಮನೆಗೆ ಬಂದು ಎಲ್ಲರನ್ನೂ ಕರೆದಳು. "ಹೆಂಗಸರಿಬ್ಬರದೂ ತಾಳೆ ಆಗುತ್ತೆ. ಇವರದು ಆಗಲ್ಲ. ಮೂರೂ ಒಂದಾಗೋ ತನಕ ನನ್ನ ಫೋನು ಜೇಬಿಂದ ಹೊರಗೆ ಬರಲ್ಲ."

ಮೆಟ್ಟಿಲ ಮೇಲಿದ್ದವರು ಕತ್ತು ಚಾಚಿದರು. ಬೀಗದಣ್ಣ ಬಾಗಿಲ ಕಡೆ ನೋಡಿದ, ಅಲ್ಲಿ ಇಡೀ ಬೀದಿಯೇ ಇತ್ತು. ಹೆಂಡತಿಯ ಕಡೆ ನೋಡಿದ. ಅವಳು ಬೀದಿಯನ್ನೂ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ. ಖಾಲಿ ಟ್ಯಾಬನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಬಾಲ್ಕನಿ ಬಾಗಿಲಿಗೆ ಹೊಸ ಬೀಗ ಹಾಕಿದ್ದೆ," ಎಂದು ಶುರು ಮಾಡಿದ ಬೀಗದಣ್ಣ. "ಹೊರಗಡೆಯಿಂದ ಇದನ್ನ ನನ್ನ ಕೈಲೂ ತೆಗೆಯಕ್ಕಾಗಲ್ಲ ಮಾವ, ಅಂತ ಜಂಬ ಕೊಚ್ಚಿದೆ. ಆಗ ತಾನೇ ಸ್ನಾನ ಆಗಿತ್ತು, ಟವೆಲ್ಲಲ್ಲಿದ್ದೆ. ತೋರಿಸೋಣ ಅಂತ ಹೊರಗೆ ಹೋಗಿ ಬಾಗಿಲು ಎಳ್ಕೊಂಡೆ. ಟವೆಲ್ ತುದಿ ಬಾಗಿಲಿಗೆ ಸಿಕ್ಕಿಹಾಕ್ಕೊಳ್ತು."

"ಆಮೇಲೆ?" ಎಂದಳು ಜೈಲಮ್ಮ.

"ಆಮೇಲೆ ನಾನು ಹೇಳಿದ ಹಾಗೇ ಬೀಗ ತೆಗೆಯಕ್ಕಾಗಲಿಲ್ಲ. ಟವೆಲ್ಲೂ ಬರಲಿಲ್ಲ. ಟವೆಲ್ ಬಿಟ್ಟು ಸರಿಯೋಣ ಅಂದ್ರೆ ಕೆಳಗೇ ಬಸ್ ಸ್ಟಾಪು, ತುಂಬ ಜನ. ಕೀ ಇದ್ದದ್ದು ಮಾವನ ಕೈಲಿ. ಅವರು ಗಾಜಿನ ಆ ಕಡೆ ನಿಂತ್ಕೊಂಡು ನಕ್ಕರು. ನಗು ನಿಂತ ಮೇಲೇ ತೆಗೆದದ್ದು."

ಟೈಲರಮ್ಮ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಗೋಡೆಗೆ ತಿರುಗಿ ನಿಂತರು, ಅವರ ಬೆನ್ನು ಮಾತ್ರ ಕುಲುಕುತ್ತಿತ್ತು. ಜೈಲಮ್ಮ ಜೇಬಿನಿಂದ ಫೋನು ತೆಗೆದಳು.

ಮಗಳು ಟ್ಯಾಬಿನಲ್ಲಿ ಒತ್ತಿದಳು, ಕೋಡು ಜೈಲಮ್ಮನ ಫೋನಿಗೆ ಬಂತು. ಆಕೆ ಕೈದಿಗಳ ಹಾಜರಿ ಕರೆಯುವ ಗಂಟಲಲ್ಲಿ ಒಂದೊಂದೇ ಅಂಕಿ ಕೂಗಿದಳು. ಹೆಂಡತಿ ಒತ್ತಿದಳು. ಬೀಗದಣ್ಣ ಟ್ಯಾಬಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಕೌಂಟು ತೆರೆದುಕೊಂಡಿತು. ಮಾವ ಬಂದರು.

ಬಂದವರೇ ನಕ್ಕರು. ಮೊದಲು ಭುಜ ನಕ್ಕಿತು, ಆಮೇಲೆ ಹೊಟ್ಟೆ, ಆಮೇಲೆ ಶಟರು ಸರ್ರನೆ ಮೇಲೆ ಹೋಗಿ ಮುಖವೆಲ್ಲ ನಕ್ಕಿತು. ಹಲ್ಲಿನ ಸೆಟ್ಟು ಟಪ್ಪನೆ ಬಿತ್ತು. ಹಿಂದೆ ಗಾಜಿನಾಚೆ ಬೀಗದಣ್ಣ ಟವೆಲಿನ ಜೊತೆ ಕುಸ್ತಿ ಆಡುತ್ತಿದ್ದ. ಜೈಲಮ್ಮನೂ ನಕ್ಕಳು. ಆ ನಗು ಎಷ್ಟೋ ಕಾಲದಿಂದ ತೆರೆಯದ ಕಬ್ಬಿಣದ ಗೇಟು ಕಿರುಗುಟ್ಟಿ ತೆರೆದ ಹಾಗಿತ್ತು. ಮೆಟ್ಟಿಲ ಮೇಲಿದ್ದವರು ಒಬ್ಬರ ಹಿಂದೊಬ್ಬರು ಒಳಗೆ ನುಗ್ಗಿ ಬಂದರು, ಬಂದವರಿಗೆಲ್ಲ ಮೊದಲಿಂದ ಮತ್ತೆ ತೋರಿಸಬೇಕಾಯಿತು.

ವೀಡಿಯೋದ ಕೊನೆಯಲ್ಲಿ ಮಾವ ಬಗ್ಗಿ ಹಲ್ಲು ಎತ್ತಿಕೊಂಡು, ಅದನ್ನು ಕೈಯಲ್ಲೇ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಮಗಳ ಕಡೆ ತಿರುಗಿ ಬೊಚ್ಚು ಬಾಯಲ್ಲಿ ಏನೋ ಅಂದರು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಬೀಗದಣ್ಣನಿಗೆ ಕೇಳಿತು. "ಒಳ್ಳೆಯವನಮ್ಮ ಇವನು. ನೀನು ಇಲ್ಲಿ ಸುಖವಾಗಿದ್ದೀಯ, ನನಗೆ ಗೊತ್ತಾಯ್ತು."

ಇದನ್ನೇ ಹೆಂಡತಿ ದಿನಾ ಕೇಳಿ ಒಲೆ ಹಚ್ಚುತ್ತಿದ್ದಳು. ಟವೆಲಿನ ಮಾನಕ್ಕಾಗಿ ಬೀಗದಣ್ಣ ಇಷ್ಟು ವರ್ಷ ಇದರ ಹತ್ತಿರ ಸುಳಿದಿರಲಿಲ್ಲ. ಅವನು ಜೈಲಮ್ಮನಿಗೆ ಎರಡೂ ಕೈ ಜೋಡಿಸಿದ. ಆಮೇಲೆ ಹೆಂಡತಿಗೂ ಜೋಡಿಸಿದ. ಎದುರಿಗಿದ್ದ ಔಷಧಿ ಅಂಗಡಿಯವನಿಗೂ ಜೋಡಿಸಿ, ತನ್ನ ಮಾತ್ರೆಯ ಪೊಟ್ಟಣ ತೆಗೆದುಕೊಂಡ.

ಅಷ್ಟರಲ್ಲಿ ಟ್ಯಾಬು ಇನ್ನೊಂದು ಪ್ರಶ್ನೆ ಕೇಳಿತು. ಕೋಡ್ ಕಳಿಸಿದ ಈ ನಂಬರು ಈಗಲೂ ನಿಮ್ಮದೇನಾ? ಬೀಗದಣ್ಣ ಮೈಕೊಡವಿ ಎದ್ದು, ಇಲ್ಲ ಅಂತ ಒತ್ತಿ ನನ್ನ ನಂಬರು ಹಾಕು ಎಂದು ಬೆರಳು ಮುಂದೆ ಮಾಡಿದ. ಹೆಂಡತಿ ಆ ಬೆರಳನ್ನು ಹಿಡಿದು ಪಕ್ಕಕ್ಕೆ ಇಟ್ಟಳು.

"ನಿಮ್ಮ ಹತ್ರ ಯಾರಾದ್ರೂ ಕಸುಬಿನ ಮಾತಾಡಿದ್ರೆ ಕೋಡ್ ಜೊತೆ ಮನೇನೂ ಕೊಟ್ಟುಬಿಡ್ತೀರ. ನಮ್ಮಪ್ಪನನ್ನ ಕಾಯಕ್ಕೆ ಇವರೇ ಸರಿ," ಎಂದು ಜೈಲಮ್ಮನ ಮುಖ ನೋಡಿದಳು. ಜೈಲಮ್ಮ ಸ್ವಲ್ಪ ಯೋಚಿಸಿ, ಆಗಲಿ ಎಂದು ತಲೆ ಆಡಿಸಿದಳು. ಹೆಂಡತಿ ಹೌದು ಎಂದು ಒತ್ತಿದಳು.

ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ಜೈಲಮ್ಮ ಟೋಪಿ ಸರಿಮಾಡಿಕೊಂಡು ಎದ್ದಳು. "ಮುಂದಿನ ಸಲ ಪಾಸ್‌ವರ್ಡ್ ಮರೆತ್ರೂ ಅಷ್ಟೇ ಅಜ್ಜಿ, ಫೋನಲ್ಲಿ ಹೇಳಲ್ಲ. ಮನೆಗೆ ಬಂದೇ ಕೊಡೋದು."

"ಬಾರಮ್ಮ," ಎಂದರು ಅತ್ತೆ. "ನೀನು ಬರೋದಾದ್ರೆ ಆಗಾಗ ಮರೀತೀವಿ."